ಕಮಲಕ್ಕನ ಕೈತುತ್ತು

ನನ್ನ ಕನ್ನಡ ಅಷ್ಟಕ್ಕಷ್ಟೇ, ಆದರೂ ಬರೆಯುತ್ತಿದ್ದೇನೆ, ಕ್ಷಮಿಸಿ. ಇವತ್ತು ಕಾಲೇಜಿನ ಮೆಸ್ಸಿನಲ್ಲಿ ಮೊಸರನ್ನ, ನಿಂಬೆ ಉಪ್ಪಿನಕಾಯಿಯ ವಾಸನೆಗೆ, ನಂಜನಗೂಡಿನ ನಮ್ಮ ರಿಕ್ರಿಯೇಷನ್ ಕ್ಲಬ್ಬಿನವರೆಲ್ಲ ನರಸೀಪುರದ ಹೊಳೆಗೆ ಹೋಗಿದ್ದ ದಿನ ನೆನಪಾಯಿತು.

ಎಲ್ಲ ಮನೆಯ ಮೊಸರನ್ನವನ್ನೂ ಒಂದೇ ಹರಿವಾಣಕ್ಕೆ ಸುರಿದು, ಕಮಲಕ್ಕ ಕಲಸಿ ಕೈತುತ್ತು ಕೊಡುವುದು ಕ್ಲಬ್ಬಿನ ರೂಢಿ. ಆಗ ಇಂಗ್ಲಿಷ್ ಶಾಲೆಯ ಹಾಸ್ಟೆಲಿನಿಂದ ರಜೆಗೆ ಬಂದಿದ್ದ ನಾನು ಕೈ ಹಿಂದಕ್ಕೆಳೆದು, "ನೋ, ನಂಗೆ ಸ್ಪೂನ್ ಬೇಕು" ಎಂದೆ.

"ಇಂಗ್ಲೀಸ್ ಮೇಡಮ್ಮು ಕಣ್ರೀ!" ಎಂದು ಯಾರೋ ನಕ್ಕರು.

ಕಮಲಕ್ಕ ನಗಲಿಲ್ಲ. "ನಮ್ ಜಾತಿಯೋರ್ ಕೈದು ಅಂತ ಬ್ಯಾಡ್ವಾ ಮಗಾ?" ಎಂದು ಮೆಲ್ಲಗೆ ಕೇಳಿದರು. ಹರಿವಾಣವನ್ನು ಅಮ್ಮನ ಕಡೆ ಸರಿಸಿ, ಕೈ ತೊಳೆಯಲು ಹೊಳೆಗಿಳಿದರು.

ಹಾಸ್ಟೆಲಿನಲ್ಲಿ ಕೈಯಲ್ಲಿ ತಿಂದರೆ ಬೈಯುತ್ತಿದ್ದರು, ಅಷ್ಟೇ. ಅದನ್ನು ಹೇಳಲು ನನಗೆ ಬಾಯಿತ್ತು. ಹೇಳಲಿಲ್ಲ. ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಕಮಲಕ್ಕ ಈಗ ಎಲ್ಲಿದ್ದಾರೆ? ಗೊತ್ತಿದ್ದವರು ದಯವಿಟ್ಟು ಬೇಗ ಉತ್ತರ ಬರೆಯಿರಿ.