ಶಾಲೆ ಮಕ್ಕಳ ಪಾಲು

ನಮ್ಮ ಶನಿವಾರದ ಹೊರಗಿನ ಪಾಠ ನಿಂತುಹೋದದ್ದು ನನ್ನ ಅಜ್ಜ ಕೊಟ್ಟ ಮೀನಿನಿಂದ. ಹೀಗೆ ಒಂದೇ ಮಾತಿನಲ್ಲಿ ಹೇಳಿದರೆ ತಪ್ಪೆಲ್ಲ ಅಜ್ಜನದ್ದೇ ಎಂದಂತೆ ಕೇಳುತ್ತದೆ. ತಪ್ಪು ಅಜ್ಜನದ್ದಲ್ಲ, ಮೀನಿನದ್ದಂತೂ ಅಲ್ಲವೇ ಅಲ್ಲ. ಯಾರದ್ದೆಂದು ಹೇಳಲು ಹೊರಟರೆ ಈ ವಯಸ್ಸಿನಲ್ಲೂ ನನಗೆ ಸಿಟ್ಟು ನೆತ್ತಿಗೇರುತ್ತದೆ. ಆದ್ದರಿಂದ ನಡೆದದ್ದನ್ನಷ್ಟೇ ಹೇಳುತ್ತೇನೆ.

ನಮ್ಮ ಜಿಲ್ಲೆ ಮದ್ರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ನಾನು ಮಂಗಳೂರಿನ ಬಂದರಿನ ಹತ್ತಿರದ ಒಂದು ಶಾಲೆಯಲ್ಲಿ ಐದನೆಯ ತರಗತಿ ಓದುತ್ತಿದ್ದೆ. ಮನೆ ಹೊಳೆಯಾಚೆ, ಬೆಂಗ್ರೆಯಲ್ಲಿ. ಬೆಳಿಗ್ಗೆ ದೋಣಿಯಲ್ಲಿ ಹೊಳೆ ದಾಟಿ ಬರಬೇಕು. ಅಮ್ಮ ಅದೇ ದೋಣಿಯಲ್ಲಿ ಮೀನಿನ ಬುಟ್ಟಿಯೊಂದಿಗೆ ಪೇಟೆಗೆ ಬರುತ್ತಿದ್ದಳು. ಆ ಬುಟ್ಟಿಯ ವಾಸನೆ ನನ್ನ ಲಂಗಕ್ಕೂ ಅಂಟಿದೆ ಎಂದು ತರಗತಿಯವರ ತೀರ್ಮಾನ. ಯಾರೂ ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ. ಬೆಂಚಿನಲ್ಲಿ ಸ್ವಲ್ಪ ಸರಿದು ಕೂರುತ್ತಿದ್ದರು, ಅಷ್ಟೆ. ಆ ಸ್ವಲ್ಪ ಜಾಗದಲ್ಲಿ ಇನ್ನಿಬ್ಬರು ಆರಾಮವಾಗಿ ಕೂರಬಹುದಿತ್ತು.

ಆ ವರ್ಷ ಬೇಸಿಕ್ ಟ್ರೈನಿಂಗ್ ಮುಗಿಸಿದ ಹೊಸ ಮಾಸ್ಟ್ರು ನಮಗೆ ಬಂದರು. ಮಕ್ಕಳು ಕಣ್ಣಾರೆ ನೋಡಿ, ಕೈಯಾರೆ ಮಾಡಿ ಕಲಿಯಬೇಕು ಎನ್ನುವುದು ಅವರ ಹಟ. ಶನಿವಾರ ಬಂತೆಂದರೆ ತರಗತಿಗೆ ಬೀಗ, ನಮಗೆ ಬಯಲು. ಒಮ್ಮೆ ಹಂಚಿನ ಕಾರ್ಖಾನೆಗೆ ಹೋಗಿ ಮೊಣಕಾಲಿನ ತನಕ ಜೇಡಿಮಣ್ಣು ತುಳಿದೆವು. ಇನ್ನೊಮ್ಮೆ ಹೊಳೆಬದಿಯಲ್ಲಿ ಕೋಲು ನೆಟ್ಟು, ಉಬ್ಬರದ ನೀರು ಏರಿದ ಹಾಗೆಲ್ಲ ಅದಕ್ಕೆ ಗೀಟು ಹಾಕಿದೆವು. ಮನೆಗೆ ಹೋಗುವಾಗ ನಮ್ಮ ಅವತಾರ ನೋಡುವಂತಿರುತ್ತಿತ್ತು.

ಹೊರಗೆ ಹೋಗುವಾಗ ಜೋಡಿ ಜೋಡಿಯಾಗಿ ಕೈ ಹಿಡಿದು ನಡೆಯಬೇಕೆಂದು ಮಾಸ್ಟ್ರ ಕಟ್ಟಪ್ಪಣೆ. ಎತ್ತರ ನೋಡಿ ಜೋಡಿ ಮಾಡಿದ್ದರು. ನನ್ನ ಎತ್ತರಕ್ಕೆ ಸಿಕ್ಕಿದವಳು ವಕೀಲರ ಮಗಳು. ತರಗತಿಯಲ್ಲಿ ಅವಳದು ಮೊದಲ ಬೆಂಚು, ನನ್ನದು ಕೊನೆಯದು. ವಾರವಿಡೀ ನಮಗೆ ಮಾತಿಲ್ಲ. ಶನಿವಾರ ಮಾತ್ರ ಅವಳ ಕೈ ನನ್ನ ಕೈಯಲ್ಲಿ, ಅವಳ ಬಾಯಿಗೆ ಬಿಡುವಿಲ್ಲ. ನಿಜ ಹೇಳಬೇಕೆಂದರೆ ನನಗೆ ಜೇಡಿಮಣ್ಣೂ ಬೇಕಿರಲಿಲ್ಲ, ಉಬ್ಬರವೂ ಬೇಕಿರಲಿಲ್ಲ. ಆ ಕೈ ಬೇಕಿತ್ತು. ಉಳಿದ ದಿನಗಳನ್ನು ಹೇಗೋ ತಳ್ಳಿ ನಾನು ಶನಿವಾರಕ್ಕೆ ಕಾಯುತ್ತಿದ್ದೆ.

ಮಳೆಗಾಲ ಕಳೆದು ಬಂಗುಡೆ ಮೀನು ದಡಕ್ಕೆ ಬರುವ ಸಮಯದಲ್ಲಿ ಮಾಸ್ಟ್ರು ನನ್ನನ್ನು ಕರೆದು, "ಈ ಸಲ ನಿಮ್ಮ ಅಜ್ಜನ ರಂಪಣಿ ನೋಡುವ, ಆಗದಾ?" ಎಂದರು. ರಂಪಣಿ ಎಂದರೆ ದಡದಿಂದ ಎಳೆಯುವ ಭಾರೀ ಬಲೆ. ದೋಣಿಯಲ್ಲಿ ಹೋಗಿ ಅದನ್ನು ಕಡಲಿನಲ್ಲಿ ಸುತ್ತು ಬಿಟ್ಟು ಬರುತ್ತಾರೆ. ಆಮೇಲೆ ಎರಡು ಕಡೆಯ ಹಗ್ಗ ಹಿಡಿದು ಊರಿಗೆ ಊರೇ ಎಳೆಯುತ್ತದೆ. ಅಜ್ಜ ಆ ಬಲೆಯ ತಂಡೇಲರು, ಅಂದರೆ ಎಳೆಯುವವರಿಗೆಲ್ಲ ಯಜಮಾನ. ಅಂದು ಹೊಳೆ ದಾಟಿ ಬಂದ ತರಗತಿಗೆ ಮರಳಿನ ಹಾದಿಯಲ್ಲಿ ದಾರಿ ತೋರಿಸುವವಳು ನಾನೇ. ನನ್ನ ಗತ್ತು ಹೇಳಿ ಸುಖವಿಲ್ಲ.

ಮಾಸ್ಟ್ರು ನಮ್ಮನ್ನು ಕಡಲ ಬದಿಯಲ್ಲಿ ಸಾಲಾಗಿ ಕೂರಿಸಿದರು. ಅಜ್ಜ ಬಂದು ನೋಡಿ ನಕ್ಕರು.

"ಕೂತು ನೋಡ್ಲಿಕ್ಕೆ ಎಂತ ಉಂಟು ಮಾಸ್ಟ್ರೇ? ಮಕ್ಕಳು ಹಗ್ಗ ಹಿಡೀಲಿ."

ಹಿಡಿದೆವು. ಅಂಗೈ ಕೆಂಪಾಯಿತು, ಪಾದ ಮರಳಿನಲ್ಲಿ ಹೂತಿತು, ದೊಡ್ಡವರು ಕೂಗಿದಾಗ ನಾವೂ ಗಂಟಲು ಹರಿಯುವಂತೆ ಕೂಗಿದೆವು. ನನ್ನ ಮುಂದೆ ನಿಂತಿದ್ದ ವಕೀಲರ ಮಗಳು ಮತ್ತೆ ಮತ್ತೆ ಹಿಂದಕ್ಕೆ ಜಾರಿ ನನ್ನ ಮೇಲೆಯೇ ಬಿದ್ದಳು, ಬಿದ್ದು ನಕ್ಕಳು. ಬಲೆ ದಡಕ್ಕೆ ಬಂದು ಬಂಗುಡೆ ಪಟಪಟನೆ ಹಾರುವುದನ್ನು ಕಂಡಾಗ ಕುಣಿದೇ ಬಿಟ್ಟಳು. ಅಷ್ಟು ಖುಷಿ ನಾನು ಶಾಲೆಯೊಳಗೆ ಯಾರ ಮುಖದಲ್ಲೂ ಕಂಡವಳಲ್ಲ.

ರಂಪಣಿಯವರಲ್ಲಿ ಒಂದು ಪದ್ಧತಿ. ಹಗ್ಗಕ್ಕೆ ಕೈ ಕೊಟ್ಟವರು ಯಾರೇ ಆಗಲಿ, ದಾರಿಹೋಕರೇ ಆಗಲಿ, ಅವರಿಗೊಂದು ಪಾಲು ಇದ್ದೇ ಇದೆ. ಬರಿಗೈಯಲ್ಲಿ ಕಳಿಸಿದರೆ ಕಡಲಿಗೆ ಅವಮಾನ ಮಾಡಿದ ಹಾಗೆ. ಅಜ್ಜ ಮರಳಿನ ಮೇಲೆ ಮಕ್ಕಳಿಗೆಂದು ಪುಟ್ಟ ಪುಟ್ಟ ರಾಶಿ ಹಾಕತೊಡಗಿದಾಗ ಮಾಸ್ಟ್ರು ಹತ್ತಿರ ಹೋಗಿ ಮೆಲ್ಲನೆ, "ಇವರಲ್ಲಿ ಮೀನು ತಿನ್ನದವರೂ ಇದ್ದಾರೆ," ಎಂದರು.

"ತಿನ್ನುದು ಬಿಡುದು ಅವರವರ ಮನೆಯ ವಿಷಯ ಮಾಸ್ಟ್ರೇ. ಎಳೆದದ್ದು ಎಳೆದದ್ದೇ ಅಲ್ವಾ? ಪಾಲು ಉಂಟು."

ಆ ಮುಖಕ್ಕೆ ಬೇಡವೆನ್ನಲು ಮಾಸ್ಟ್ರಿಗೆ ಮನಸ್ಸು ಬರಲಿಲ್ಲ. ದೋಣಿ ಹತ್ತುವ ಜಾಗಕ್ಕೆ ಬಂದ ಮೇಲೆ, ಬೇಡದವರು ಇಲ್ಲೇ ಯಾರಿಗಾದರೂ ಕೊಟ್ಟುಬಿಡಿ ಎಂದರು. ಕೊಟ್ಟರು ಕೂಡ. ದೋಣಿಯವನಿಗೆ ಅಂದು ಹಬ್ಬ. ವಕೀಲರ ಮಗಳು ಮಾತ್ರ ಕೊಡಲಿಲ್ಲ. "ನಾನು ಎಳೆದದ್ದು. ಅಮ್ಮನಿಗೆ ತೋರಿಸ್ಬೇಕು," ಎಂದು ಲಂಗವನ್ನು ಮಡಿಲು ಮಾಡಿ ಕಟ್ಟಿಕೊಂಡಳು. ಅವಳ ಜನ್ಮದ ಮೊದಲ ಸಂಪಾದನೆ ನೋಡಿ! ನೇರ ಅಡುಗೆಮನೆಗೇ ಹೋಗಿ ಅಮ್ಮನ ಎದುರು ಸುರಿದಳಂತೆ. ಈರುಳ್ಳಿ ಕೂಡ ಹೊಸ್ತಿಲು ದಾಟದ ಮನೆ ಅದು.

ಸೋಮವಾರ ವಕೀಲರು ಇನ್ನೂ ಕೆಲವರನ್ನು ಕಟ್ಟಿಕೊಂಡು ಹೆಡ್ಮಾಸ್ಟ್ರ ಕೋಣೆಗೆ ಬಂದರು. ಅವರ ಮಾತು ನಮ್ಮ ತರಗತಿಯ ತನಕ ಕೇಳುತ್ತಿತ್ತು.

"ನಾವು ಮಕ್ಕಳನ್ನು ಕಳಿಸುವುದು ಓದ್ಲಿಕ್ಕೆ, ಬಲೆ ಎಳೀಲಿಕ್ಕೆ ಅಲ್ಲ!"

ತರಗತಿ ಇಡೀ ತಿರುಗಿ ನನ್ನನ್ನು ನೋಡಿತು. ಮೊದಲ ಬೆಂಚಿನಲ್ಲಿ ಅವಳ ಜಾಗ ಮಾತ್ರ ಖಾಲಿ. ಆ ವಾರದಲ್ಲೇ ಅವಳನ್ನು ಹೆಣ್ಣುಮಕ್ಕಳ ಶಾಲೆಗೆ ಸೇರಿಸಿದರು. ಹೊರಗಿನ ಪಾಠವೂ ಅಲ್ಲಿಗೇ ನಿಂತಿತು. ಮುಂದಿನ ಶನಿವಾರ ಮಾಸ್ಟ್ರು ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ರಂಪಣಿಯ ಚಿತ್ರ ಬಿಡಿಸಿ, "ಬರ್ಕೊಳ್ಳಿ," ಎಂದು ಹೇಳಿ ಕಿಟಕಿಯ ಹತ್ತಿರ ಹೋಗಿ ನಿಂತರು. ನಾವು ಬರೆದುಕೊಂಡೆವು. ಎಷ್ಟು ಚಂದದ ಚಿತ್ರ, ಎಷ್ಟು ಸತ್ತ ಪಾಠ! ಮರುವರ್ಷ ಅವರಿಗೆ ಬಜಪೆಯ ಕಡೆಗೆ ವರ್ಗವಾಯಿತು. ಅಲ್ಲಿ ಮತ್ತೆ ಮಕ್ಕಳನ್ನು ಬಯಲಿಗೆ ಕರೆದೊಯ್ದರೋ ಇಲ್ಲವೋ ಗೊತ್ತಿಲ್ಲ. ಆ ಧೈರ್ಯ ಅವರಲ್ಲಿ ಉಳಿದಿರಲಿಕ್ಕಿಲ್ಲ ಎಂದು ನೆನೆದಾಗ ನನಗೆ ಬಹಳ ಬೇಸರವಾಗುತ್ತದೆ.

ಇದೊಂದೂ ಅಜ್ಜನಿಗೆ ಗೊತ್ತಿರಲಿಲ್ಲ. ಅಮ್ಮ ಹೇಳಗೊಡಲಿಲ್ಲ. "ಮುದುಕರ ಖುಷಿ ಯಾಕೆ ಹಾಳು ಮಾಡುದು?" ಎಂದಳು. ಶನಿವಾರ ಬಲೆ ಬಂದರೆ ಎಲ್ಲರಿಗೂ ಪಾಲು ಹಾಕಿ ಮುಗಿಸಿ, ಕೊನೆಗೆ ಒಂದು ರಾಶಿಯನ್ನು ಅಜ್ಜ ಬೇರೆ ಇಡುತ್ತಿದ್ದರು.

"ಇದು ಶಾಲೆ ಮಕ್ಕಳದ್ದು. ಆ ಬಿದ್ದ ಹುಡುಗಿ ಉಂಟಲ್ಲ, ಅವಳಿಗೆ ದೊಡ್ಡದು ನೋಡಿ ಕೊಡ್ಬೇಕು. ಯಾವಾಗ ಬರ್ತಾರೆ ಮಗಾ?"

"ಪರೀಕ್ಷೆ ಉಂಟಂತೆ ಅಜ್ಜ."

ಆ ಪರೀಕ್ಷೆ ಮುಗಿಯಲೇ ಇಲ್ಲ. ಅಜ್ಜ ಹೊಳೆಯ ಕಡೆಗೆ ಕಣ್ಣು ಹಾಯಿಸುತ್ತಾ ಕೂರುತ್ತಿದ್ದರು. ಬಿಸಿಲು ಏರಿ ಮೀನು ಬಾಡತೊಡಗಿದ ಮೇಲೆ ಅದನ್ನು ಅಕ್ಕಪಕ್ಕದ ಮಕ್ಕಳಿಗೆ ಹಂಚಿ ಏಳುತ್ತಿದ್ದರು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ. ಮನೆಯೊಳಗೆ ಹೋಗಿ ಅಳುತ್ತಿದ್ದೆ.

ವಕೀಲರ ಮಗಳು ಮತ್ತೆ ಸಿಕ್ಕಿದ್ದು ಅರವತ್ತರ ದಶಕದ ಕೊನೆಯಲ್ಲಿ, ಹಂಪನಕಟ್ಟೆಯಲ್ಲಿ ನಾನು ಸುರತ್ಕಲ್ ಬಸ್ಸಿಗೆ ಕಾಯುತ್ತಿದ್ದಾಗ. ಅವಳ ಸೊಂಟದಲ್ಲಿ ಮಗು. ಗುರುತು ಹಿಡಿದವಳು ಅವಳೇ. ಬಂದವಳೇ ನನ್ನ ಕೈ ಹಿಡಿದುಕೊಂಡಳು. ಅಂದು ಮೀನನ್ನು ತೆಂಗಿನ ಬುಡದಲ್ಲಿ ಹೂತದ್ದು, ಅವಳನ್ನು ಬಾವಿಕಟ್ಟೆಯಲ್ಲಿ ನಿಲ್ಲಿಸಿ ಕೊಡಪಾನಗಟ್ಟಲೆ ನೀರು ಹೊಯ್ದದ್ದು, ಎಲ್ಲವನ್ನೂ ನಗುತ್ತಲೇ ಹೇಳಿದಳು. ಆಮೇಲೆ ನಗು ನಿಂತಿತು.

"ನಾವು ಮೀನು ಹೂತದ್ದು ನಿನ್ನ ಅಜ್ಜನಿಗೆ ಗೊತ್ತಾಗಿರ್ಬೇಕಲ್ಲ ಮಾರಾಯ್ತಿ? ಅದಕ್ಕೇ ಸಿಟ್ಟು ಮಾಡಿ ಮತ್ತೆ ಯಾರನ್ನೂ ಕರೀಲಿಲ್ಲ ಅಂತ ನಾನು ಇಷ್ಟು ವರ್ಷ ಅಂದುಕೊಂಡಿದ್ದೇನೆ."

ಅಜ್ಜ ತೀರಿಹೋಗಿ ಆಗಲೇ ಕೆಲವು ವರ್ಷಗಳಾಗಿದ್ದವು.

"ಇಲ್ಲ," ಎಂದೆ. "ಶನಿವಾರ ಬಂದರೆ ನಿನ್ನ ಪಾಲು ತೆಗೆದಿಟ್ಟು ಕಾಯ್ತಿದ್ರು."

ನನ್ನ ಬಸ್ಸು ಬಂತು, ಜನ ಹತ್ತಿದರು, ಬಸ್ಸು ಹೋಯಿತು. ಅವಳು ನನ್ನ ಕೈ ಬಿಟ್ಟಿರಲಿಲ್ಲ.