ಹೊಲಿದವಳು ತೊಡಿಸದ ಕುಲಾವಿ

ದೊಡ್ಡವ್ವನ ಎಡಗೈ ತೋರುಬೆರಳ ತುದಿ ರಾಗಿ ಕಾಳು ಮೆತ್ತಿದಂತೆ ಚುಕ್ಕೆ ಚುಕ್ಕೆಯಾಗಿತ್ತು. ವರ್ಷಗಟ್ಟಲೆ ಸೂಜಿ ಚುಚ್ಚಿಸಿಕೊಂಡು ಅಲ್ಲಿನ ಚರ್ಮ ಕೊಂಬಿನಂತೆ ಗಟ್ಟಿಯಾಗಿ, ಬಿಸಿ ತಟ್ಟುವುದೇ ನಿಂತುಹೋಗಿತ್ತು. ಕುದಿಯುವ ಸಾರಿನ ಪಾತ್ರೆಯನ್ನು ಬರಿಗೈಯಲ್ಲೇ ಒಲೆಯಿಂದ ಇಳಿಸುತ್ತಿದ್ದಳು. ನಾನೊಮ್ಮೆ ಅವಳಂತೆಯೇ ಮಾಡಲು ಹೋಗಿ ಹಾಲಿನ ಪಾತ್ರೆಯನ್ನು ನೆಲಕ್ಕೆ ಬಿಟ್ಟೆ. "ಪುಸ್ತಕ ಹಿಡಿಯೋ ಕೈ ಕಣವ್ವ ನಿಂದು, ಬಿಸಿ ತಡೀಯಕಿಲ್ಲ. ಮಸಿಬಟ್ಟೆ ತಕ್ಕೊ," ಅಂದಳು. ಪಾತ್ರೆ ಇಳಿಸುವ ಮಸಿಬಟ್ಟೆ ಅಂತ ನಮ್ಮ ಮನೆಯಲ್ಲಿ ಒಂದಿದ್ದರೆ ಅದು ನನ್ನೊಬ್ಬಳಿಗಾಗಿ.

ಅವಳು ನಮ್ಮವ್ವನ ಅಕ್ಕ. ಮಕ್ಕಳಾಗಲಿಲ್ಲವೆಂದು ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ ಮೇಲೆ ಒಂದು ಟ್ರಂಕಿನೊಂದಿಗೆ ತಾಯಿ ಮನೆಗೆ ವಾಪಸು ಬಂದವಳು. ಚನ್ನಪಟ್ಟಣದಿಂದ ಸಾತನೂರಿಗೆ ಹೋಗುವ ರಸ್ತೆ ಬದಿಯ ಊರು ನಮ್ಮದು. ನಮ್ಮಪ್ಪ ಮನೆ ಅಳಿಯ. ಹಾಗಾಗಿ ನಾನು ಬೆಳೆದದ್ದು ಅಜ್ಜಿ, ಅವ್ವ, ದೊಡ್ಡವ್ವ, ಈ ಮೂವರ ಕೈಯಲ್ಲಿ. ಅವ್ವ ಹೊಲಗೆಲಸದವಳು, ಸೂಜಿ ಮುಟ್ಟಿದವಳಲ್ಲ. ಅಜ್ಜಿಯ ಕೈಕಸುಬು ಇಳಿದದ್ದು ದೊಡ್ಡವ್ವನಿಗೆ.

ಮಧ್ಯಾಹ್ನ ರೇಷ್ಮೆ ಹುಳಕ್ಕೆ ಸೊಪ್ಪು ಹಾಕಿ ಮುಗಿಸಿದ ಮೇಲೆ ಅಜ್ಜಿ, ದೊಡ್ಡವ್ವ ಇಬ್ಬರೂ ಜಗಲಿಗೆ ಬಂದು ಕೂರುತ್ತಿದ್ದರು. ನಡುವೆ ಅಜ್ಜಿಯ ಹಳೆಯ ಎಲೆಅಡಿಕೆ ಡಬ್ಬಿ. ಅದರೊಳಗೆ ಸೂಜಿ, ನೂಲು ಬಿಚ್ಚುವ ಮನೆಗಳಲ್ಲಿ ಕೇಳಿ ತಂದ ರೇಷ್ಮೆ ಎಳೆ, ಬೊಂಬೆ ಮಾಡುವವರು ಬಣ್ಣ ಸರಿಬರಲಿಲ್ಲವೆಂದು ಎಸೆದ ಅರಗಿನ ಮಣಿಗಳು. ಅಜ್ಜಿಗೆ ಕಣ್ಣು ಮಂಜಾಗಿತ್ತು. ಒಪ್ಪಿಕೊಳ್ಳುತ್ತಿರಲಿಲ್ಲ. ದಾರದ ತುದಿಯನ್ನು ಎಂಜಲು ಮಾಡಿ ಸೂಜಿಯ ಪಕ್ಕದ ಗಾಳಿಗೆ ಪೋಣಿಸುತ್ತಿದ್ದಳು. ದೊಡ್ಡವ್ವ ನಗದೆ, "ಅವ್ವ, ಆ ಕಡೆ ಸೂಜಿ ಇಲ್ಲ," ಅನ್ನುತ್ತಿದ್ದಳು. "ಗೊತ್ತು ಕಣೆ, ಸೂಜಿನೇ ಈ ಕಡೆ ಬರ್ಲಿ ಅಂತ ಕಾಯ್ತಾವ್ನಿ," ಅನ್ನುತ್ತಿದ್ದಳು ಅಜ್ಜಿ. ನನಗೂ ಒಂದು ಚಿಂದಿ ಕೊಟ್ಟು ಹೊಲಿಯಲು ಹೇಳುತ್ತಿದ್ದರು. ನಾನು ಹೊಲಿದದ್ದನ್ನು ಅಜ್ಜಿ ಕಣ್ಣಲ್ಲಿ ನೋಡುತ್ತಿರಲಿಲ್ಲ, ಹೆಬ್ಬೆರಳಲ್ಲಿ ಸವರಿ ನೋಡುತ್ತಿದ್ದಳು. "ಕೋಳಿ ಕೆದ್ರಿದಂಗೈತೆ. ಬಿಚ್ಚು." ನನ್ನ ಬಾಲ್ಯದ ಸುಖ ಅಂದರೆ ಆ ಜಗಲಿ. ಅದಕ್ಕಿಂತ ಹೆಚ್ಚಿನದು ಆಮೇಲೆ ನನಗೆ ಸಿಗಲಿಲ್ಲ.

ನಮ್ಮ ವಂಶದ ಯಾವ ಮಗು ಹುಟ್ಟಿದರೂ ಅದರ ಕುಲಾವಿ ಆಗುತ್ತಿದ್ದದ್ದು ಆ ಜಗಲಿಯಲ್ಲೇ. ಮನೆಯ ಅತಿ ಹಿರಿಯ ಹೆಂಗಸಿನ, ಒಗೆದು ಒಗೆದು ಮೆತ್ತಗಾದ ಸೀರೆಯಿಂದಲೇ ಬಟ್ಟೆ ಕತ್ತರಿಸಬೇಕು. ಮೂರು ಪದರ. ನೆತ್ತಿಯ ಮೇಲೆ ಒಂದು ಕೆಂಪು ಅರಗಿನ ಮಣಿ. ಕೂಸು ಹುಟ್ಟುವ ಮೊದಲು ಕುಲಾವಿ ಹೊಲಿಯಬಾರದು ಅನ್ನುವುದು ಊರಿಗೆಲ್ಲ ಗಾದೆ, ನಮ್ಮ ಮನೆಗೆ ಮಾತ್ರ ಕಟ್ಟುನಿಟ್ಟಿನ ಕಟ್ಟಳೆ. ಮಗು ಅತ್ತ ಸುದ್ದಿ ಬಂದ ಮೇಲೆಯೇ ಸೂಜಿಗೆ ದಾರ. ಹನ್ನೊಂದನೇ ದಿನ ಹೆಸರಿಡುವಾಗ ಅದು ತಲೆ ಮೇಲಿರಬೇಕು.

ಹೊಲಿಯುತ್ತಿದ್ದವಳು ದೊಡ್ಡವ್ವ. ತೊಡಿಸುತ್ತಿದ್ದವಳು ಯಾವಾಗಲೂ ಬೇರೆಯವಳು. ಮಕ್ಕಳಿದ್ದವಳೇ ತೊಡಿಸಬೇಕಿತ್ತು. ತೊಟ್ಟಿಲ ಸುತ್ತ ಹೆಂಗಸರು ಸೇರುವ ಹೊತ್ತಿಗೆ ದೊಡ್ಡವ್ವ ಕುಲಾವಿಯನ್ನು ಯಾರದೋ ಕೈಗೆ ಕೊಟ್ಟು, "ಒಲೆ ಮೇಲೆ ಹಾಲಿಟ್ಟಿವ್ನಿ, ಉಕ್ಬುಟ್ಟದು," ಎಂದು ಒಳಗೆ ಹೋಗುತ್ತಿದ್ದಳು. ಹತ್ತು ವರ್ಷದವಳಿದ್ದಾಗ ನಾನು ಹಿಂದೆಯೇ ಹೋಗಿ ನೋಡಿದೆ. ಒಲೆಯ ಮೇಲೆ ಏನೂ ಇರಲಿಲ್ಲ. ಒಲೆ ಕೂಡ ಆರಿತ್ತು. ಅವಳು ಅದರ ಮುಂದೆ ಕೂತು ಸೆರಗಿನ ಅಂಚನ್ನು ಉಗುರಲ್ಲಿ ನೀವುತ್ತಿದ್ದಳು.

ನಮ್ಮ ಎರಡೂ ಕಡೆಯಲ್ಲಿ ಡಿಗ್ರಿ ಮಾಡಿದವರಲ್ಲಿ ನಾನೇ ಮೊದಲು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಬಸ್ಸಿನಲ್ಲಿ ನೇತಾಡಿಕೊಂಡು ಹೋಗಿ ಬಂದು, ಹುಳದ ಮನೆಯ ವಾಸನೆ ಮೈಗಂಟಿದೆಯೆಂದು ಪಕ್ಕದ ಬೆಂಚಿನವರು ಸರಿದು ಕೂತರೂ ಪಾಸು ಮಾಡಿದೆ. ಎರಡನೇ ವರ್ಷದಲ್ಲಿ ಕಾಲೇಜಿನ ಭಾಷಣ ಸ್ಪರ್ಧೆಗೆ ಕೊಟ್ಟಿದ್ದ ವಿಷಯ 'ಮೂಢನಂಬಿಕೆ ಮತ್ತು ಮಹಿಳೆ'. ಜಗಲಿಯ ಮೇಲೆ ನಿಂತು ದೊಡ್ಡವ್ವನ ಮುಂದೆ ಅಭ್ಯಾಸ ಮಾಡಿದೆ. ಬಂಜೆ ಎಂಬ ಮಾತೇ ಅಪರಾಧ ಅಂದೆ. ಅವಳು ಹೊಲಿಗೆಯಿಂದ ತಲೆ ಎತ್ತಲಿಲ್ಲ.

"ಚೆನ್ನಾಗಿ ಹೇಳ್ತೀಯ ಕಣವ್ವ. ನಾಕ್ ಜನ ಇದುರ್ಗೆ ನಿಂತಾಗ್ಲೂ ಹಿಂಗೇ ಹೇಳ್ತೀಯಾ?"

"ಹೇಳ್ತೀನಿ. ನನ್ ಮಗೀಗೆ ಕುಲಾವಿ ನೀನೇ ಹೊಲಿ, ನೀನೇ ಮಡಗು ದೊಡ್ಡವ್ವ. ಯಾರ್ ಬೇಡ ಅಂತಾರೋ ನೋಡನ."

ಅವಳು ಆಗ ತಲೆ ಎತ್ತಿದಳು. ನನಗೆ ಮೊದಲ ಬಹುಮಾನವಾಗಿ ಒಂದು ಸ್ಟೀಲ್ ತಟ್ಟೆ ಬಂತು. ಆಮೇಲೆ ಅವಳು ಊಟ ಮಾಡಿದ್ದೆಲ್ಲ ಅದರಲ್ಲೇ.

ಅಜ್ಜಿ ತೀರಿಕೊಂಡ ಮರುವರ್ಷ ಹೈವೇ ಬದಿಯಲ್ಲಿ ಗಾರ್ಮೆಂಟ್ಸ್ ಶುರುವಾಯಿತು. ಬೆಳಗ್ಗೆ ವ್ಯಾನು ಊರ ಬಾಗಿಲಿಗೇ ಬಂದು ಹೆಂಗಸರನ್ನು ತುಂಬಿಕೊಂಡು ಹೋಗುತ್ತಿತ್ತು. ದೊಡ್ಡವ್ವನೂ ಹತ್ತಿದಳು. ಜಗಲಿ ಖಾಲಿಯಾಯಿತು. ಅಲ್ಲಿ ಹೊರದೇಶದ ಮಕ್ಕಳ ಬಟ್ಟೆ ಹೊಲಿಯುತ್ತಿದ್ದರು. ಕೂಸಿನ ತಲೆಯಿಂದ ಬೆನ್ನಿನವರೆಗೆ ಇಳಿಬೀಳುವ ಇಡೀ ಕುಂಚಿಗೆಯನ್ನು ಅಳತೆಯಿಲ್ಲದೆ ಕಣ್ಣಂದಾಜಿನಲ್ಲಿ ಕತ್ತರಿಸಿ ಹೊಲಿಯಬಲ್ಲವಳನ್ನು ಟೋಪಿಯ ಕಿವಿಪಟ್ಟಿ ಕೂರಿಸಲು ಹಾಕಿದರು. ಬರೀ ಎಡಗಿವಿ. ಬಲಗಿವಿ ಮುಂದಿನ ಮಿಷನ್ನಿನವಳದು. ನಾಲ್ಕು ವರ್ಷ ಅವಳು ಎಡಗಿವಿಯನ್ನೇ ಹೊಲಿದಳು.

"ಬೇಜಾರಾಗಲ್ವಾ?" ಎಂದು ಕೇಳಿದ್ದೆ.

"ಆಯ್ತದೆ. ಕೈಗೆ ಕೆಲ್ಸ ಐತೆ, ಮನ್ಸಿಗಿಲ್ಲ. ಆದ್ರೂ ಒಂದು ವಾಸಿ. ಹೊಲ್ಯೋಳ್ಗೆ ಮಕ್ಳು ಅವೆಯಾ ಅಂತ ಅಲ್ಲಿ ಯಾರೂ ಕೇಳಕಿಲ್ಲ. ಟಾರ್ಗೆಟ್ ಎಷ್ಟಾಯ್ತು ಅಂತ ಮಾತ್ರ ಕೇಳ್ತಾರೆ."

ಅಷ್ಟರಲ್ಲಿ ನನಗೆ ಮೇಷ್ಟ್ರ ಕೆಲಸ ಸಿಕ್ಕಿ, ಮಾಗಡಿ ಕಡೆಗೆ ಮದುವೆಯೂ ಆಯಿತು. ಚೊಚ್ಚಲ ಹೆರಿಗೆಗೆ ತವರಿಗೆ ಬಂದೆ. ಹೆಣ್ಣು ಮಗು. ಸುದ್ದಿ ಕೇಳಿದ ದಿನವೇ ದೊಡ್ಡವ್ವ ಸೂಪರ್‌ವೈಸರ್ ಹತ್ತಿರ ಬೈಸಿಕೊಂಡು ರಜೆ ತಂದಳು. ಅಜ್ಜಿಯ ಪಾಚಿ ಬಣ್ಣದ ಸೀರೆಯನ್ನು ಟ್ರಂಕಿನಿಂದ ತೆಗೆದಳು. ಮಿಷನ್ನು ಮುಟ್ಟಲಿಲ್ಲ. ನನ್ನ ಬಾಣಂತಿ ಮಂಚದ ಪಕ್ಕದಲ್ಲೇ ಕೂತು, ಎಲೆಅಡಿಕೆ ಡಬ್ಬಿ ತೆರೆದುಕೊಂಡು, ಕೈಯಲ್ಲೇ ಹೊಲಿದಳು. ಅಷ್ಟು ಹಗುರಾಗಿ ಅವಳು ಮಾತಾಡಿದ್ದನ್ನು ನಾನು ಎಷ್ಟೋ ವರ್ಷಗಳಿಂದ ಕೇಳಿರಲಿಲ್ಲ. "ನೋಡು, ಎರಡೂ ಕಿವಿ ನಾನೇ ಹೊಲ್ದಿವ್ನಿ," ಎಂದು ನಕ್ಕಳು. ಮಣಿ ಕೂರಿಸಿ ದಾರ ಕಡಿದು, "ನೀನು ಅವತ್ತು ಹೇಳಿದ್ದು ನೆಪ್ಪೈತಾ?" ಎಂದು ಕೇಳಿದಳು.

"ಐತೆ. ನೀನೇ ಮಡಗಬೇಕು," ಅಂದೆ. ಅನುಮಾನವಿಲ್ಲದೆ ಅಂದೆ.

ಹನ್ನೊಂದನೇ ದಿನ ದೊಡ್ಡವ್ವ ತಲೆಗೆ ಎರೆದುಕೊಂಡು, ಮಡಿಕೆ ಬಿಚ್ಚದ ಸೀರೆ ಉಟ್ಟು, ಕುಲಾವಿ ಹಿಡಿದು ತೊಟ್ಟಿಲ ಹತ್ತಿರ ಬಂದಳು. ಆ ಜಾಗಕ್ಕೆ ಅವಳು ಬಂದದ್ದು ಅದೇ ಮೊದಲು. ನನ್ನ ಅತ್ತೆ ಎದ್ದು ನಿಂತರು. ಕೆಟ್ಟವರಲ್ಲ. ದನಿಯನ್ನೂ ಏರಿಸಲಿಲ್ಲ.

"ಹೊಲ್ದಿರದು ಶಾನೆ ಚೆನ್ನಾಗೈತೆ ಕಣಮ್ಮ. ನಂಗೇನೂ ಇಲ್ಲ. ಬಂದಿರೋ ಜನ ಒಂದೊಂದ್ ಮಾತಾಡ್ತಾರೆ. ಇವತ್ತು ನಾವು ಅಂಗಡಿಯಿಂದ ತಂದಿರದು ಮಡಗುಬುಡನ. ಇದನ್ನ ಇನ್ನೊಂದ್ ದಿನ ನೋಡನ." ಎಂದು ಅಂಗಡಿಯ ಡಬ್ಬಿಯಿಂದ ಗುಲಾಬಿ ಬಣ್ಣದ ಟೋಪಿ ತೆಗೆದರು. ಆಮೇಲೆ ನನ್ನ ಕಡೆ ತಿರುಗಿ, "ಏನವ್ವ, ನೀನ್ ಏನಂತೀಯ?" ಎಂದು ಕೇಳಿದರು.

ಕೇಳಿದರು. ಅದನ್ನು ನಾನು ಮುಚ್ಚಿಡುವುದಿಲ್ಲ. ಬಾಯಿ ಮುಚ್ಚಿಸಲಿಲ್ಲ, ಹೆದರಿಸಲಿಲ್ಲ, ಕೇಳಿದರು. ನನ್ನ ಗಂಡ ಬಾಗಿಲಲ್ಲಿ ನಿಂತಿದ್ದರು. ಅವ್ವ ನೆಲ ನೋಡುತ್ತಿದ್ದಳು. ದೊಡ್ಡವ್ವ ನನ್ನನ್ನೇ ನೋಡುತ್ತಿದ್ದಳು. ಸೂಜಿಗೆ ದಾರ ಪೋಣಿಸುವಷ್ಟು ಹೊತ್ತು ಅವಳು ಕಾದಳು. ನಾನು ಬಗ್ಗಿ ಮಗುವಿನ ಹೊದಿಕೆ ಸರಿಮಾಡಿದೆ. ಹೊದಿಕೆ ಸರಿಯಾಗಿಯೇ ಇತ್ತು.

ದೊಡ್ಡವ್ವ ಅತ್ತೆಯ ಕೈಯಿಂದ ಆ ಅಂಗಡಿ ಟೋಪಿಯನ್ನು ಇಸಿದುಕೊಂಡಳು. ಒಳಮಗ್ಗುಲು ತಿರುಗಿಸಿ ಹೊಲಿಗೆಯ ಮೇಲೆ ಹೆಬ್ಬೆರಳಾಡಿಸಿದಳು, ಅಜ್ಜಿಯ ಹಾಗೆ. ಜೋತಾಡುತ್ತಿದ್ದ ಒಂದು ದಾರವನ್ನು ಹಲ್ಲಲ್ಲಿ ಕಡಿದು ಟೋಪಿಯನ್ನು ವಾಪಸು ಕೊಟ್ಟಳು.

"ಈಗ ಮಡಗಿ. ದಾರ ಕೂಸಿನ ಕಣ್ಣಿಗೆ ಬೀಳಕಿಲ್ಲ."

ಅವಳು ಮುಟ್ಟಿದ ಟೋಪಿಯೇ ಮಗುವಿನ ತಲೆಗೇರಿತು ಅನ್ನುವುದು ಅಲ್ಲಿದ್ದ ಯಾರಿಗೂ ಹೊಳೆಯಲಿಲ್ಲ. "ಒಲೆ ಮೇಲೆ ಹಾಲಿಟ್ಟಿವ್ನಿ," ಎಂದು ಅವಳು ಒಳಗೆ ಹೋದಳು. ಅಜ್ಜಿಯ ಸೀರೆಯ ಕುಲಾವಿ ಅವಳ ಕೈಯಲ್ಲೇ ಉಳಿಯಿತು.

ಜನ ಹೋದ ಮೇಲೆ ಅಡುಗೆಮನೆಗೆ ಹೋಗಿ, "ದೊಡ್ಡವ್ವ, ಅಷ್ಟ್ ಜನದ ಮುಂದೆ..." ಎಂದು ಶುರು ಮಾಡಿದೆ.

"ಬುಡವ್ವ," ಅಂದಳು. ಕೋಪವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. "ಓದ್ಸಿದ್ರೆ ಮಾತಾಡದು ಕಲೀತಾರೆ ಅನ್ಕಂಡಿದ್ದೆ. ಸುಮ್ಕಿರದೂ ಕಲಿಸ್ತಾರೆ ಅಂತ ಗೊತ್ತಿರ್ಲಿಲ್ಲ."

ಮಾರನೇ ದಿನ ರಜೆ ಇನ್ನೂ ಉಳಿದಿದ್ದರೂ ವ್ಯಾನು ಹತ್ತಿ ಹೋದಳು. ಆಮೇಲೆ ಅವಳು ಯಾವ ಮಗುವಿಗೂ ಕುಲಾವಿ ಹೊಲಿಯಲಿಲ್ಲ. ಯಾರೂ ಕೇಳಲೂ ಇಲ್ಲ. ಅಂಗಡಿಯಲ್ಲಿ ಸಿಗುತ್ತಿತ್ತು. ಎರಡು ವರ್ಷದ ಮೇಲೆ ಕಾಮಾಲೆಯಾಗಿ ತೀರಿಕೊಂಡಳು. ನಾನು ಮಾಗಡಿಯಿಂದ ಬಸ್ಸು ಬದಲಿಸಿ ಬರುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು.

ಈಗ ಸ್ಕೂಲಿನಲ್ಲಿ ಮಕ್ಕಳಿಗೆ ಭಾಷಣ ಬರೆದುಕೊಡುವವಳು ನಾನೇ. ಮೂಢನಂಬಿಕೆಯ ವಿಷಯ ಬಂದರೆ ಬೇರೆ ಮೇಷ್ಟ್ರಿಗೆ ದಾಟಿಸುತ್ತೇನೆ.

ದೊಡ್ಡವ್ವನ ತಿಥಿ ಮುಗಿಸಿ ಮಾಗಡಿಗೆ ಹೊರಟು ನಿಂತಾಗ ಅವ್ವ ಒಳಗಿನಿಂದ ಒಂದು ಕಾಗದದ ಪೊಟ್ಟಣ ತಂದಳು. "ನಿಂಗೆ ಕೊಡು ಅಂದಿದ್ಲು. ಹಾಲಿಳಿಸಕ್ಕೆ," ಅಂದಳು. ಬಿಚ್ಚಿದರೆ ಒಂದು ಮಸಿಬಟ್ಟೆ. ಪಾಚಿ ಬಣ್ಣದ ಸೀರೆಯದು. ಕುಲಾವಿಯ ಹೊಲಿಗೆಯನ್ನೆಲ್ಲ ಬಿಚ್ಚಿ, ತುಂಡುಗಳನ್ನು ಒಂದರ ಮೇಲೊಂದು ಹಾಸಿ, ನಡುವೆ ಹಳೆಯ ಬಟ್ಟೆಯನ್ನು ಒತ್ತಾಗಿ ಕೂರಿಸಿ, ಸುತ್ತಲೂ ಇಡಿಕಿರಿದ ಸಣ್ಣ ಹೊಲಿಗೆ ಹಾಕಿದ್ದಳು. ಮೂಲೆಯಲ್ಲಿ ಮೊಳೆಗೆ ನೇತುಹಾಕಲು ಒಂದು ಕುಣಿಕೆ. ಕುಣಿಕೆಯ ಬುಡದಲ್ಲಿ ಕೆಂಪು ಅರಗಿನ ಮಣಿ.

ಅದೀಗ ನನ್ನ ಅಡುಗೆಮನೆಯಲ್ಲಿದೆ. ದಿನಾ ಬೆಳಗ್ಗೆ ಅದರಲ್ಲೇ ಹಿಡಿದು ಹಾಲು ಇಳಿಸುತ್ತೇನೆ. ಹಾಲು ಎಷ್ಟೇ ಉಕ್ಕಲಿ, ಕೈಗೆ ಒಂದಿಷ್ಟೂ ಬಿಸಿ ತಟ್ಟುವುದಿಲ್ಲ. ಅಷ್ಟು ದಪ್ಪಗೆ ಹೊಲಿದಿದ್ದಾಳೆ.