ಬಾಂಗ್ ಜುಲ್ಫಹ್ಮಿಯ ಹತ್ತು ಮತ

ಓದುಗರ ಮತದಿಂದ ಬರಹಕ್ಕೆ ಹಣ ಸಿಗುವ ಬ್ಲಾಕ್‌ಚೈನ್ ಜಾಲತಾಣದಲ್ಲಿ ಎಲ್ಲರ ಮತಕ್ಕೂ ಒಂದೇ ತೂಕವಿಲ್ಲ. ಅಲ್ಲಿನ ನಾಣ್ಯವಾದ ಟೋಕನ್ ಹೆಚ್ಚು ಕೂಡಿಟ್ಟವನು ಮತದ ಗುಂಡಿ ಒತ್ತಿದರೆ ಬರಹಕ್ಕೆ ಹಣ, ಬಡವ ಒತ್ತಿದರೆ ಸೊನ್ನೆ. ಇಂಡೊನೇಷ್ಯಾದ ಬಂಡಾ ಅಚೆಯ ಕಾಫಿ ಅಂಗಡಿಯಲ್ಲಿ ಕೂರುವ ಬಾಂಗ್ (ಅಣ್ಣ) ಜುಲ್ಫಹ್ಮಿ ಅಂಥ ತೂಕದ ಕುಳ. ಉಳಿದ ಕುಳಗಳು ಮತ ಹಾಕುವ ಕೆಲಸವನ್ನು ತಂತಾನೇ ಒತ್ತುವ ಬಾಟ್ ಎಂಬ ತಂತ್ರಾಂಶಕ್ಕೆ ಒಪ್ಪಿಸಿ, ತಮ್ಮ ಬರಹಕ್ಕೆ ತಾವೇ ಒತ್ತಿಕೊಂಡು ನಾಚಿಕೆಯಿಲ್ಲದೆ ಗೊರಕೆ ಹೊಡೆಯುತ್ತಾರೆ. ಹತ್ತು ಮತ ಹಾಕಿದರೆ ಆ ದಿನದ ಮತಬಲ ಬತ್ತುತ್ತದೆ, ಒಂದೂ ವ್ಯರ್ಥವಾಗಬಾರದೆಂದು ಈತ ಮಾತ್ರ ಹತ್ತನ್ನೂ ಓದಿಯೇ ಹಾಕುತ್ತಾನೆ. ಒಂದೊಂದು ಅಲ್ಪವಿರಾಮಕ್ಕೂ ಒಂದೊಂದು ಗುಟುಕು ಕಾಫಿ. ಎದುರು ಕೂತ ಬರಹಗಾರ್ತಿ ಮೈಸರಾ ಗಳಿಗೆಗೊಮ್ಮೆ ಗಡಿಯಾರ ನೋಡುತ್ತಿದ್ದಳು. ಒಣಮೀನಿನ ಕುರಿತ ಅವಳ ಬರಹಕ್ಕೆ ಇದು ಏಳನೆಯ, ಕೊನೆಯ ದಿನ; ಆಮೇಲೆ ಬಿದ್ದ ಮತಕ್ಕೆ ಹಣವಿಲ್ಲ. ಮಗಳ ಪರೀಕ್ಷಾ ಶುಲ್ಕ ಅದರಿಂದಲೇ ಹುಟ್ಟಬೇಕು. “ಒಂದು ಬಾಟ್ ಇಟ್ಕೊಳ್ಳಿ ಬಾಂಗ್, ನೀವು ಓದಿ ಮುಗ್ಸೋದ್ರಲ್ಲಿ ನಾನು ಮುದುಕಿ ಆಗ್ತೀನಿ.” “ಬಾಟ್‌ಗೆ ಮೀನಿನ ವಾಸನೆ ಗೊತ್ತಾಗತ್ತೇನಮ್ಮ ತಂಗಿ? ಅದಿರ್ಲಿ, ಎಷ್ಟು ದಿನ ಬಿಸಿಲಲ್ಲಿ ಒಣಗಿಸ್ಬೇಕು ಅಂತಾನೇ ಬರ್ದಿಲ್ವಲ್ಲ!” “ಕೆಳಗಿದೆ, ಸರ್ಸಿ ನೋಡಿ!” ಆಗ ಅವಳಿಗೆ ಕಂಡಿತು: ಎರಡೂ ಕಣ್ಣಿಗೆ ಪೊರೆ ಬಂದಿದ್ದ ಆತ ಫೋನನ್ನು ಮೂಗಿಗೆ ತಾಗಿಸಿ, ಅಕ್ಷರವನ್ನು ಹೆಬ್ಬೆರಳಿನಷ್ಟು ದೊಡ್ಡದು ಮಾಡಿ, ಪದಪದವನ್ನೂ ಹುಡುಕಿ ಓದುತ್ತಿದ್ದ. ಕೊನೆಯ ಸಾಲು ಮುಗಿಸಿ ಮತ ಒತ್ತಿದ. ಸೊನ್ನೆಯಿದ್ದಲ್ಲಿ ಶುಲ್ಕಕ್ಕಾಗುವಷ್ಟು ಹಣ ಮೂಡಿತು, ಮೈಸರಾ ವಾರದಿಂದ ಹಿಡಿದಿದ್ದ ಉಸಿರು ಬಿಟ್ಟಳು. ಕಣ್ಣು ಚೆನ್ನಾಗಿರುವವರೇ, ಒತ್ತುವ ಮೊದಲು ಓದಿ.